ಟಿಲ್ಲರಿ ಸಾರ್ಜೆಂಟರ ಗಡ್ಡ

ಟಿಲ್ಲರಿ ಸಾರ್ಜೆಂಟರನ್ನು ನಾನು ಮೊದಲು ಕಂಡದ್ದು ೧೯೭೪ರ ಬೇಸಿಗೆಯಲ್ಲಿ, ಜಾರ್ಜಿಯಾದ ನಮ್ಮ ಸೇನಾ ನೆಲೆಯ ಸ್ನಾನದ ಮನೆಯಲ್ಲಿ. ಬೆಳಗಿನ ತಪಾಸಣೆಗೆ ಮುಂಚೆ ಕನ್ನಡಿಯೆದುರು ನಿಂತು ಗಡ್ಡ ಹೆರೆಯುತ್ತಿದ್ದೆ. ನಮ್ಮಂಥ ಕಪ್ಪು ಜನರ ಗುಂಗುರು ಕೂದಲಿಗೆ ಬ್ಲೇಡು ತಾಗಿದರೆ ಅದು ಚರ್ಮದೊಳಕ್ಕೇ ತಿರುಗಿ ಬೆಳೆದು ಗುಳ್ಳೆ ಏಳುತ್ತದೆ. ಆ ಗುಳ್ಳೆಗಳ ಮೇಲೆಯೇ ಮತ್ತೆ ಬ್ಲೇಡು ಎಳೆದು ಕಾಲರಿಗೆ ರಕ್ತ ಹತ್ತಿತ್ತು. ಪಕ್ಕದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ಅವರ ಮುಖದ ಮೇಲೆ ಮೋಟಾಗಿ ಕತ್ತರಿಸಿದ ಗಡ್ಡವಿತ್ತು. ಸೈನ್ಯದಲ್ಲಿ ಗಡ್ಡ ನೋಡಿದ್ದು ಅದೇ ಮೊದಲು.

“ಯಾವೂರಪ್ಪಾ?”

“ಅಲಬಾಮ, ಸಾರ್ಜೆಂಟ್. ಹತ್ತಿ ಬೆಳೆಯೋರು.”

“ಹತ್ತಿ ಬಿಡಿಸ್ದಂಗೆ ಮುಖ ಕಿತ್ಕೋತಿದ್ದೀಯಲ್ಲೋ. ಡಾಕ್ಟ್ರ ಹತ್ರ ಹೋಗು, ಬ್ಲೇಡ್ ಬೇಡ ಅಂತ ಬರ್ಕೊಡ್ತಾರೆ. ಕಾನೂನೇ ಐತೆ.”

“ಕ್ಯಾಪ್ಟನ್ ಸೋಮಾರಿ ಅಂತಾರೆ.”

“ನಂಗೂ ಅಂತಾರೆ. ಅನ್ಲಿ.”

ಬಿಳಿಯರನ್ನೂ ಕರಿಯರನ್ನೂ ಎದುರುಬದುರು ಕೂರಿಸಿ ಮಾತಾಡಿಸುವ ಕಡ್ಡಾಯ ತರಗತಿ ನಡೆಸುವುದು ಟಿಲ್ಲರಿಯವರ ಕೆಲಸ. ಅರ್ಧ ಜನ ತೂಕಡಿಸುತ್ತಿದ್ದರು. ಒಮ್ಮೆ ಹಫ್‌ಮನ್ ಎಂಬ ಬಿಳಿಯ ಹುಡುಗ ಕೆಣಕಿದ: “ನಿಮ್ಗೆ ಗಡ್ಡ, ನಮ್ಗೆ ಬ್ಲೇಡು. ಇದ್ಯಾವ ಸೀಮೆ ಸಮಾನತೆ ಸಾರ್ಜೆಂಟ್?”

“ನಿನ್ನ ಅಳತೆ ಬೂಟು ನಂಗೆ ತುರುಕಿದ್ರೆ ಸಮಾನತೆ ಆಯ್ತದೇನಪ್ಪ?”

ಎಲ್ಲರೂ ನಕ್ಕರು. ಅದೇ ಉತ್ತರವನ್ನು ಎಷ್ಟು ತರಗತಿಗಳಿಗೆ ಹೇಳಿದ್ದರೋ, ಅವರು ನಗಲಿಲ್ಲ.

ಆ ವರ್ಷ ಅವರ ಬಡ್ತಿಗೆ ಕೊನೆಯ ಅವಕಾಶ; ತಪ್ಪಿದರೆ ಸೈನ್ಯ ಬಿಡಬೇಕು. ಆಯ್ಕೆ ಮಂಡಳಿ ಆಳನ್ನು ನೋಡುವುದಿಲ್ಲ, ಫೋಟೋ ನೋಡುತ್ತದೆ. ಕ್ಯಾಪ್ಟನ್ ನಮ್ಮೆದುರಿಗೇ ಹೇಳಿದರು: “ಒಂದಿನ ಬೋಳಿಸ್ಕೊಂಡ್ಬಿಡಿ ಟಿಲ್ಲರಿ. ಆಮೇಲೆ ಬೇಕಾದ್ರೆ ಬಿಟ್ಕೊಳ್ಳಿ.”

ಬೋಳಿಸಿದ್ದರೆ ಗುಳ್ಳೆಗಳೆದ್ದು ಮಾಯುತ್ತಿದ್ದವು, ಅಷ್ಟೆ. ಆದರೆ ಅವರ ಮಾತು ಕೇಳಿ ಗಡ್ಡ ಬಿಟ್ಟವರು ನಾವು ಕೆಲವರಿದ್ದೆವು. ‘ನಿಮ್ಮ ಸಾರ್ಜೆಂಟೇ ಬೋಳಿಸಿದರಲ್ಲ, ನಿಮಗೇನು ರೋಗ?’ ಎಂದು ಮಾರನೆಯ ದಿನವೇ ನಮ್ಮ ಕೈಗೆ ಬ್ಲೇಡು ಬರುತ್ತಿತ್ತು.

ಫೋಟೋದ ದಿನ ಬೆಳಿಗ್ಗೆ ಅದೇ ಕನ್ನಡಿಯೆದುರು ಅವರು ರೇಜರ್ ಹಿಡಿದು ನಿಂತಿದ್ದರು. ಒಂದು ಕೆನ್ನೆಗೆ ನೊರೆ ಹಚ್ಚಿಯಾಗಿತ್ತು. ಕನ್ನಡಿಯಲ್ಲೇ ನನ್ನ ಗಡ್ಡ ನೋಡಿದರು.

“ಉರೀತದಾ ಈಗ?”

“ಇಲ್ಲ ಸಾರ್ಜೆಂಟ್. ಎಲ್ಲಾ ವಾಸಿಯಾಯ್ತು.”

“ಹೂಂ.” ರೇಜರ್ ಕೆಳಗಿಟ್ಟು ನೊರೆ ತೊಳೆದುಕೊಂಡರು. “ಸಾಕಾಗೈತೆ ಕಣೋ,” ಎಂದು ಗಡ್ಡದಲ್ಲೇ ಫೋಟೋಕ್ಕೆ ಹೋದರು.

ಬಡ್ತಿ ಬರಲಿಲ್ಲ. ಕಾರಣವನ್ನು ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ನನ್ನ ಸೇವೆ ಮುಗಿಯುವವರೆಗೂ ನನಗೆ ಬ್ಲೇಡು ಹಿಡಿ ಎಂದು ಯಾರೂ ಹೇಳಲಿಲ್ಲ. ಮುಂದೆ ಸೈನ್ಯದ ನೆರವಿನಿಂದಲೇ ನಮ್ಮ ಮನೆಯಲ್ಲಿ ಮೊದಲಿಗನಾಗಿ ಕಾಲೇಜು ಮುಗಿಸಿದೆ.

ಟಿಲ್ಲರಿಯವರು ಈಗ ಅದೇ ಜಾರ್ಜಿಯಾದ ಮೇಕನ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುತ್ತಾರೆ.