ಕೆಂಪು ಗೆರೆ ಎಳೆದವನು ನಾನು

ಈರಪ್ಪ, ಆ ತಪ್ಪು ನನ್ನದು. ನಿನ್ನ ಹೆಸರು ಹೇಳಿ ನಾನು ಪಾರಾದೆ. ನಿನಗಿದು ಹೊಸದಲ್ಲ — ಉಳಿದವರಿಗೂ ಗೊತ್ತಾಗಲಿ ಎಂದು, ಹನ್ನೆರಡು ವರ್ಷ ಕಳೆದ ಮೇಲೆ ಬರೆಯುತ್ತಿದ್ದೇನೆ.

ಬೈಲಹೊಂಗಲದಲ್ಲಿ ಹತ್ತಿ ಜಿನ್ನಿಂಗ್ ಫ್ಯಾಕ್ಟರಿಯ ಹೊಸ ಶೆಡ್ಡು ಏಳುತ್ತಿತ್ತು. ನಾನು ಸೂಪರ್‌ವೈಸರ್, ನೀನು ಮುರಗೋಡದಿಂದ ನಾನೇ ಕರೆತಂದ ಫಿಟ್ಟರ್. ಕ್ರೇನು ಎತ್ತಿಕೊಟ್ಟ ಉಕ್ಕಿನ ತೊಲೆಯನ್ನು ಕಂಬಕ್ಕೆ ಹೊಂದಿಸಿ, ಎಂಟೂ ಬೋಲ್ಟು ಬಿಗಿದ ಮೇಲೆ ಒಂದೊಂದಕ್ಕೂ ಕೆಂಪು ಗೆರೆ ಎಳೆಯುವುದು ನಮ್ಮ ಪದ್ಧತಿ. ಗೆರೆ ಇದ್ದ ಬೋಲ್ಟನ್ನು ಮತ್ತೆ ಯಾರೂ ಮುಟ್ಟುತ್ತಿರಲಿಲ್ಲ. ಅವತ್ತು ಮೂಲೆಯ ಕಂಬದಲ್ಲಿ ನೀನಿನ್ನೂ ನಾಲ್ಕನ್ನೇ ಬಿಗಿದಿದ್ದೆ. ಕ್ರೇನಿನವನಿಗೆ ರಾಮದುರ್ಗಕ್ಕೆ ಹೊರಡುವ ಅವಸರ, ನನಗೆ ಅವನಿಗಿಂತ ಅವಸರ — ಬಣ್ಣದ ಡಬ್ಬಿ ಹಿಡಿದು ಎಂಟಕ್ಕೂ ಗೆರೆ ಎಳೆದುಬಿಟ್ಟೆ.

"ಸಾಹೇಬ್ರ, ಇನ್ನೂ ನಾಕ ಬಿಗಿಯೂದು ಐತ್ರಿ," ಎಂದು ನೀನು ಹೇಳಿದೆ.

"ನಾಳೆ ಬಿಗದ್ರಾತು. ಮೊದ್ಲ ಆ ಕಡೆ ತೊಲಿ ಹಿಡಿ, ನಡಿ," ಎಂದು ನಾನು ಗದರಿದೆ. ಆಗ ನನ್ನದು ಬಾಯಿ ಜೋರು.

ಮರುದಿನ ನೀನು ಹತ್ತುವ ಮೊದಲೇ ಮಾಲೀಕರ ಎಂಜಿನಿಯರು ಹತ್ತಿದರು. ಬೋಲ್ಟು ಬೆರಳಿಗೇ ತಿರುಗಿತು. "ಇದನ್ನ ಯಾರ ಬಿಗದಾರ?" ಎಂದು ಮಾಲೀಕರು ಕೇಳಿದರು. "ಈರಪ್ಪ ಬಿಗದಾನ್ರಿ," ಎಂದೆ ನಾನು. ಅಷ್ಟೇ. ನೀನು ನನ್ನ ಮುಖ ನೋಡಿದೆ, ಸ್ಪ್ಯಾನರ್ ಕೆಳಗಿಟ್ಟು ಹೊರಗೆ ನಡೆದೆ. ಆಮೇಲೆ ಸವದತ್ತಿಯಿಂದ ಕಿತ್ತೂರಿನವರೆಗೆ ಯಾವ ಶೆಡ್ಡಿಗೂ ನಿನ್ನನ್ನು ಯಾರೂ ಕರೆಯಲಿಲ್ಲ. ನಿನ್ನ ಕೈ ನನ್ನದಕ್ಕಿಂತ ಒಳ್ಳೆಯದು — ಅದು ನನಗೆ ಅವತ್ತೂ ಗೊತ್ತಿತ್ತು. ಅಲ್ಲೇ ಒಂದು ಮಾತು ಆಡಿದ್ದರೆ...

ಹೋದ ತಿಂಗಳು ಮುನವಳ್ಳಿಯ ನಿನ್ನ ಹಿಟ್ಟಿನ ಗಿರಣಿಗೆ ಬಂದು ಕ್ಷಮೆ ಕೇಳಿದೆ. ನೀನು ಚಹಾ ತರಿಸಿದೆ.

"ಅವತ್ತ ಸಂಜಿತನಕ ಗೇಟಿನ ಮುಂದ ನಿಂತಿದ್ದೆ ನೋಡ್ರಿ, ಸಾಹೇಬ್ರು ಬಂದು ಒಳಗ ಕರೀತಾರ ಅಂತ. ನಾ ನಿಂತದ್ದು ನಿಮಗ ಗೊತ್ತಾಗಿರಾಕಿಲ್ಲ, ಬಿಡ್ರಿ," ಎಂದು ನೀನೇ ನನಗೆ ಸಮಾಧಾನ ಹೇಳಿದೆ.

ನಾನು ತಲೆಯಾಡಿಸಿ ಚಹಾ ಕುಡಿದೆ.

ನಿನ್ನೆ ಮಾಲೀಕರ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಬಂದೆ. ನಿನಗೆ ಹೇಳದೆ ಉಳಿದದ್ದು ಇದೊಂದೇ. ಅವತ್ತು ಆಫೀಸಿನ ಕಿಟಕಿಯಿಂದ ನಿನ್ನನ್ನು ನೋಡಿದ್ದೆ, ಈರಪ್ಪ — ಒಂದಲ್ಲ, ಮೂರು ಸಲ. ಆಮೇಲೆ ಹಿಂದಿನ ಗೋಡೆ ಹಾರಿ ಮನೆಗೆ ಹೋದೆ.