ಗೌಡ್ತಿಯ ಹಳದಿ ಪಟ್ಟಿ

ಕೋಳಿಗೆ ಅಂಗಿ ಹೊಲಿದವಳು ಯಾರು ಎಂದರೆ ಕಾನಹೊಸಹಳ್ಳಿಯ ಸುತ್ತಮುತ್ತ ಇವತ್ತಿಗೂ ಅಂಜಿನಕ್ಕನ ಹೆಸರೇ ಹೇಳುತ್ತಾರೆ. ಅದು ಅಂಗಿಯಲ್ಲ, ಪಟ್ಟಿ. ಅಂಗಿಗೂ ಪಟ್ಟಿಗೂ ವ್ಯತ್ಯಾಸ ತಿಳಿಯದವರ ಹತ್ತಿರ ಏನು ಮಾತು ಎಂದು ಅಂಜಿನಕ್ಕ ಮೂತಿ ತಿರುವುತ್ತಾಳೆ.

ಆಕೆಯ ಕಸುಬೇ ಅದಾಗಿತ್ತು. ಎತ್ತಿನ ಹಣೆಪಟ್ಟಿ, ಕೊರಳಪಟ್ಟಿ, ಬೆನ್ನಿಗೆ ಹೊದಿಸುವ ಜೂಲು, ಎಲ್ಲವನ್ನೂ ಕೈಯಲ್ಲೇ ಹೊಲಿದು ಕೊಟ್ಟೂರಿನ ಸಂತೆಗೆ ಒಯ್ಯುತ್ತಿದ್ದಳು. ತೊಂಬತ್ತರ ದಶಕ ಅದು. ಊರಿಗೆ ಟ್ರ್ಯಾಕ್ಟರ್ ಬಂದಿತ್ತು, ನಿಜ. ಆದರೂ ಕಾರಹುಣ್ಣಿಮೆಯ ದಿನ ಎತ್ತು ಬರಿಮೈಯಲ್ಲಿ ಹೊರಬಿದ್ದರೆ ಮನೆತನದ ಮಾನವೇ ಹೋದಂತೆ. ಗಂಡ ಚೌಡಣ್ಣ ಲಾರಿ ಡ್ರೈವರ್. ಹೈವೇ ಹಿಡಿದನೆಂದರೆ ಮನೆ ಎಂಬುದೊಂದು ಇದೆ ಎನ್ನುವುದನ್ನೇ ಮರೆಯುವ ಮಹಾರಾಯ. ಹಗಲೆಲ್ಲ ಕಟ್ಟೆಯ ಮೇಲೆ ಕೂತು ಹೊಲಿಯುವ ಅಂಜಿನಕ್ಕನಿಗೆ ಮಾತಿಗೆ ಸಿಗುತ್ತಿದ್ದುದು ಒಂದು ಹೇಂಟೆ.

ಅದರ ಒಡಹುಟ್ಟಿದವನ್ನೆಲ್ಲ ಹದ್ದು ಎತ್ತಿಕೊಂಡು ಹೋಗಿತ್ತು. ಉಳಿದ ಒಂಟಿ ಮರಿಯನ್ನು ಅಂಜಿನಕ್ಕ ಮಡಿಲಲ್ಲಿಟ್ಟು ಸಾಕಿದಳು. ಬೆಳೆದ ಮೇಲೆ ಅದರ ನಡಿಗೆಯ ಗತ್ತು ನೋಡಿ ಗೌಡ್ತಿ ಎಂದು ಹೆಸರಿಟ್ಟಳು. “ಏನ್ಬೇ ಗೌಡ್ತಿ, ಈ ಕೆಂಪು ಗೊಂಡೆ ಚಲೋ ಕಾಣ್ತೈತೇನು?” ಎಂದು ಕೇಳಿದರೆ ಅದು ಕತ್ತು ಓರೆ ಮಾಡಿ ನೋಡಿ, ಗಂಟಲಲ್ಲೇ ಏನೋ ಹೇಳುತ್ತಿತ್ತು. ಚೌಡಣ್ಣ ಒಂದು ದಿನವೂ ಅಷ್ಟು ಲಕ್ಷ್ಯ ಕೊಟ್ಟು ಅವಳ ಕೆಲಸ ನೋಡಿದವನಲ್ಲ.

ತಂಟೆ ಶುರುವಾದದ್ದು ಪಕ್ಕದ ಮನೆಯಿಂದ. ಅನ್ನದಾನಮ್ಮನದು ಲಿಂಗವಂತರ ಮನೆ. ಅಂಗಳ ಕನ್ನಡಿಯಂತೆ ಸಾರಿಸಿ, ಅದರಲ್ಲಿ ಜೋಳ ಒಣಹಾಕುತ್ತಿದ್ದಳು. ಗೌಡ್ತಿಗೆ ಕೆದಕಲು ಊರಲ್ಲಿ ಬೇರೆ ಜಾಗವೇ ಕಾಣುತ್ತಿರಲಿಲ್ಲ. “ಇನ್ನೊಂದ್ ಸಲ ಇದು ನನ್ನ ಅಂಗಳಕ್ಕ ಕಾಲಿಟ್ರ ಯಾರಿಗಾರ ಸಾರಿಗೆ ಹಿಡ್ದು ಕೊಟ್ಟೇನು, ನೋಡು” ಎಂದು ಅನ್ನದಾನಮ್ಮ ಕಸಬರಿಗೆ ಎತ್ತಿದಳು. ಅಂಜಿನಕ್ಕ ಕೋಳಿಯ ಕಾಲಿಗೆ ದಾರ ಕಟ್ಟಿದಳು. ದಾರ ಕಾಲು ಕೊಯ್ದು ಹುಣ್ಣಾಯಿತು. ಗೌಡ್ತಿ ಕುಂಟುವುದನ್ನು ಆಕೆಗೆ ನೋಡಲಾಗಲಿಲ್ಲ. ಎತ್ತಿನಂಥ ಎತ್ತಿಗೇ ಪಟ್ಟಿ ಹೊಲಿಯುವವಳು ನಾನು, ಒಂದು ಕೋಳಿಗೆ ಆಗದೇ ಎಂದು ಜೂಲಿನಲ್ಲಿ ಉಳಿದ ಹಳದಿ ಬಟ್ಟೆ ತೆಗೆದು, ಎದೆ ಬಳಸಿ ರೆಕ್ಕೆಯ ಕೆಳಗೆ ಹಾಯುವಂಥ ಪಟ್ಟಿ ಹೊಲಿದು, ಬೆನ್ನ ಮೇಲೆ ಹಗ್ಗಕ್ಕೊಂದು ಕುಣಿಕೆ ಇಟ್ಟಳು.

ಪಟ್ಟಿ ಕಟ್ಟಿದ್ದೇ ತಡ, ಗೌಡ್ತಿ ಪಕ್ಕಕ್ಕೆ ಉರುಳಿ ಕಾಲು ಚಾಚಿ ಮಲಗಿಬಿಟ್ಟಿತು. ಸತ್ತೇ ಹೋಯಿತೆಂದು ಅಂಜಿನಕ್ಕ ಎದೆ ಬಡಿದುಕೊಂಡು ಬಿಚ್ಚಿದರೆ, ಎದ್ದು ಮೈ ಝಾಡಿಸಿ, ಏನೂ ಆಗದವರಂತೆ ಹೊರಟುಹೋಯಿತು. ಆಹಾ ನಾಟಕವೇ! ಮುಂದೆ ಬೀಳುವುದನ್ನು ಬಿಟ್ಟಿತು, ಝಾಡಿಸುವುದನ್ನು ಬಿಡಲಿಲ್ಲ. ಗರಿ ಉಬ್ಬಿಸಿ ಒಂದು ಸಲ ಮೈ ಕೊಡವಿದರೆ ಎಂಥ ಗಂಟೂ ಜಾರುತ್ತಿತ್ತು. ಅಂಜಿನಕ್ಕನೂ ಹಟದ ಹೆಂಗಸು. ಪಟ್ಟಿ ಕಟ್ಟಿ, ಮುಷ್ಟಿಯಲ್ಲಿ ಸಜ್ಜೆ ಕಾಳು ಹಿಡಿದು ಎದುರಿಗೆ ಕೂರುವಳು. ಕತ್ತಿನ ಗರಿಗೆ ಉಫ್ ಎಂದು ಊದುವಳು, ಪಾತ್ರೆ ತೊಳೆದ ಕೈಯ ನೀರು ಸಿಡಿಸುವಳು. ಝಾಡಿಸಿದರೆ ಮುಷ್ಟಿ ಬಿಚ್ಚುವುದಿಲ್ಲ. ಸುಮ್ಮನೆ ನಿಂತರೆ ಕಾಳು. ಮುಂಗಾರು ಕಳೆದು ಸಜ್ಜೆ ತೆನೆ ಕಟ್ಟುವ ಹೊತ್ತಿಗೆ ಪಟ್ಟಿ ತೊಟ್ಟ ಗೌಡ್ತಿ ಮೈಮೇಲೆ ಏನು ಬಿದ್ದರೂ ಮಿಸುಕದೆ ನಿಲ್ಲುವುದನ್ನು ಕಲಿತಿತ್ತು. ಹಗ್ಗ ಹಿಡಿದ ಅಂಜಿನಕ್ಕನ ಹಿಂದೆ ಬಾವಿಗೆ, ಗಿರಣಿಗೆ, ಬಸ್‌ಸ್ಟ್ಯಾಂಡಿಗೆ ಗತ್ತಿನಿಂದ ನಡೆದುಬರುತ್ತಿತ್ತು. ಊರು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಒಂದು ದಿನ ಹಗ್ಗ ಕಳಚಿಕೊಂಡು ಗೌಡ್ತಿ ಮತ್ತೆ ಪಕ್ಕದ ಅಂಗಳಕ್ಕೆ ನುಗ್ಗಿತು. ಅನ್ನದಾನಮ್ಮ ಕಸಬರಿಗೆ ಎತ್ತಿದವಳು ಹಾಗೇ ಇಳಿಸಿದಳು. ಹಗ್ಗವಿಲ್ಲದ ಕೋಳಿಯ ಮೈಮೇಲೆ ಹಳದಿ ಅರಿವೆಯೊಂದೇ ಅವಳ ಕಣ್ಣಿಗೆ ಬಿದ್ದಿತ್ತು. ಆ ಊರಲ್ಲಿ ಊರಮ್ಮನಿಗೆ ಹರಕೆ ಬಿಟ್ಟ ಪ್ರಾಣಿಗೆ ಹಳದಿ ಅರಿವೆ ಕಟ್ಟುತ್ತಾರೆ, ಅದನ್ನು ಯಾರೂ ಹೊಡೆಯುವುದಿಲ್ಲ. ‘ಅಮ್ಮನ ಕೋಳಿ’ ಎಂದು ಆಕೆ ಒಂದು ಹಿಡಿ ಜೋಳ ತಾನೇ ಚೆಲ್ಲಿದಳು. ಸುದ್ದಿ ಓಣಿ ದಾಟಿತು. ಹೆಂಗಸರು ಬಂದು ಗೌಡ್ತಿಯ ನೆತ್ತಿಗೆ ಕುಂಕುಮ ಹಚ್ಚಿ ಹೋದರು. ಅಂಜಿನಕ್ಕ ಒಳಗೊಳಗೇ ನಕ್ಕಳು. ಕಲ್ಲು ಬೀಳುವುದಿಲ್ಲ, ಹೊಟ್ಟೆ ತುಂಬುತ್ತದೆ, ತಪ್ಪು ತಿಳಿದವರನ್ನು ಯಾಕೆ ತಿದ್ದಬೇಕು? ಅಲ್ಲೇ ಆಕೆ ಎಡವಿದ್ದು.

ಆ ವರ್ಷವೇ ಊರಮ್ಮನ ಹಬ್ಬ ಸಾರಿದರು. ಪೂಜಾರಿ ಗಾದಿಲಿಂಗಪ್ಪ ಕಟ್ಟೆಯ ಮುಂದೆ ಬಂದು ನಿಂತು, “ಅಂಜಿನಕ್ಕ, ಹಬ್ಬದ ದಿನ ಕೋಳಿ ತಗೊಂಡು ಬಂದ್ಬಿಡು” ಎಂದ.

“ಅದು ಹರಕಿ ಕೋಳಿ ಅಲ್ರಿ. ಅದು ಬರೇ ಪಟ್ಟಿ!”

“ಇಡೀ ಊರು ಕುಂಕುಮ ಹಚ್ಚೈತಿ ತಂಗಿ. ಹಳದಿ ಅರಿವಿ ಕಟ್ಟಿದ ಮ್ಯಾಲ ನಂದು ಅನ್ನಾಕ ಬರಂಗಿಲ್ಲ. ನಾಳೆ ಯಾರ ಮನ್ಯಾಗರ ಒಂದು ಜ್ವರ ಬಂದ್ರ ನಿನ್ನ ಬಾಗ್ಲಿಗೆ ಬರ್ತಾರ.”

ಅವನ ಮಾತಿನಲ್ಲಿ ದರ್ಪವಿರಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. ಹಿರೇಹಡಗಲಿಯ ತವರಿಗೆ ಕೋಳಿಯನ್ನು ಸಾಗಿಸಿಬಿಡೋಣ ಎಂದುಕೊಂಡಳು. ಆದರೆ ಅಮ್ಮನ ಕಣ್ಣು ತಪ್ಪಿಸಿ ಎಲ್ಲಿಗೆ ಹೋಗುವುದು? ಅಂಜಿನಕ್ಕನಿಗೆ ಊರಮ್ಮನೂ ಬೇಕು, ಗೌಡ್ತಿಯೂ ಬೇಕು. 

ಹಬ್ಬದ ದಿನ ಗುಡಿಯ ಮುಂದೆ ಗೌಡ್ತಿಯನ್ನು ಇಳಿಸಿ ಎದುರಿಗೆ ಕೂತಳು. ಅಲ್ಲಿಯ ಪದ್ಧತಿ ಹೀಗೆ: ಮೊದಲು ಪ್ರಾಣಿಯ ಮೈಮೇಲೆ ತೀರ್ಥ ಚಿಮುಕಿಸಬೇಕು. ಅದು ಮೈ ಝಾಡಿಸಿದರೆ ಅಮ್ಮ ಒಪ್ಪಿದಳು ಎಂದು ಅರ್ಥ. ಝಾಡಿಸದಿದ್ದರೆ ಅದರ ಮೇಲೆ ಕತ್ತಿ ಎತ್ತುವಂತಿಲ್ಲ. ಗಾದಿಲಿಂಗಪ್ಪ ನೀರು ಚಿಮುಕಿಸಿದ. ಗೌಡ್ತಿ ಅಲುಗಲಿಲ್ಲ. ಮತ್ತೆ ಚಿಮುಕಿಸಿದ. ಅದು ಅಂಜಿನಕ್ಕನ ಕೈಯನ್ನೇ ನೋಡುತ್ತ ನಿಂತಿತ್ತು. ಆಗ ಅಂಜಿನಕ್ಕನಿಗೆ ತನ್ನ ಕೈ ಕಂಡಿತು. ಖಾಲಿ ಕೈ, ತನಗೇ ತಿಳಿಯದೆ ಮುಷ್ಟಿ ಕಟ್ಟಿತ್ತು. 

“ಆ ಪಟ್ಟಿ ಬಿಚ್ಚಿ ನೋಡ್ರಿ” ಎಂದು ಗುಂಪಿನಿಂದ ಯಾರೋ ಕೂಗಿದರು.

ಬಿಚ್ಚಿದರೆ ಗೌಡ್ತಿ ಝಾಡಿಸುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು. ಅಂಜಿನಕ್ಕನಿಗೆ ಎಲ್ಲಿತ್ತೋ ಧೈರ್ಯ, ಸೆರಗು ಬಿಗಿದು ಎದ್ದು ನಿಂತಳು. “ಅಮ್ಮನ ಅರಿವಿ ಅಂದೋರು ನೀವ. ಅಮ್ಮನ ಮುಂದ ಅಮ್ಮನ ಅರಿವಿಗೆ ಕೈ ಹಚ್ಚೋರು ಯಾರು ಅದೀರಿ, ಬರ್ರಿ, ಬಿಚ್ರಿ!”

ಯಾರೂ ಬರಲಿಲ್ಲ. ಗಾದಿಲಿಂಗಪ್ಪ ಕೊನೆಯದಾಗಿ ಒಂದು ಬೊಗಸೆ ನೀರು ಸುರಿದ. ಗೌಡ್ತಿಯ ಗರಿ ಎದ್ದವು, ಎದ್ದು ಹಾಗೇ ಕೂತವು. ಪೂಜಾರಿ ಬಿಂದಿಗೆ ಕೆಳಗಿಟ್ಟ. “ಅಮ್ಮ ಒಲ್ಲೆ ಅಂದಾಳ. ಒಯ್ಯವ್ವ ನಿನ್ನ ಕೋಳಿನ.” ಒದ್ದೆ ಕೋಳಿಯನ್ನು ಎದೆಗೆ ಒತ್ತಿಕೊಂಡು ಅಂಜಿನಕ್ಕ ಓಣಿಯುದ್ದಕ್ಕೂ ಬಿಕ್ಕಿ ಬಿಕ್ಕಿ ಅತ್ತಳು.

ಒಲ್ಲೆ ಎಂದವಳು ಅಮ್ಮನೋ ತಾನೋ ಎಂಬುದು ಅವಳಿಗೆ ಎಂದೂ ತೀರ್ಮಾನವಾಗಲಿಲ್ಲ. ಈಗ ಊರಲ್ಲಿ ಜೂಲು ಹೊಲಿಸುವಂಥ ಎತ್ತುಗಳೇ ಇಲ್ಲ, ಚೌಡಣ್ಣನೂ ಲಾರಿ ಬಿಟ್ಟು ಮನೆಯಲ್ಲಿದ್ದಾನೆ. ಆ ದಿನಗಳ ಮಾತು ಬಂದರೆ ಅಂಜಿನಕ್ಕ ಹಬ್ಬದ ಕತೆ ಹೇಳುವುದಿಲ್ಲ, ಆಮೇಲಿನದನ್ನು ಹೇಳುತ್ತಾಳೆ. ಅಮ್ಮನೇ ಬೇಡವೆಂದ ಕೋಳಿ ಮೈ ಝಾಡಿಸಿದ್ದನ್ನು ಊರು ನೋಡಬಾರದಲ್ಲ! ಹಾಗಾಗಿ ಗೌಡ್ತಿ ಮುದಿಯಾಗಿ ಸಾಯುವ ತನಕ ಹೊರಗೆ ಅದರ ಪಟ್ಟಿ ಬಿಚ್ಚುವಂತಿರಲಿಲ್ಲ. ದಿನಾ ಮಧ್ಯಾಹ್ನ ಊರು ಉಂಡು ಮಲಗಿದಾಗ ಆಕೆ ಒಳಗಿನಿಂದ ಅಗುಳಿ ಹಾಕಿ ಪಟ್ಟಿ ಬಿಚ್ಚುತ್ತಿದ್ದಳು. ಗೌಡ್ತಿ ಒಂದು ಗಳಿಗೆ ಅವಳ ಮುಖ ನೋಡುವುದು. “ಝಾಡಿಸವ್ವ, ಯಾರೂ ಇಲ್ಲ” ಎಂದರೆ, ಬಾಲದ ತುದಿಯವರೆಗೂ ಗರಿ ಬಿಚ್ಚಿ, ಮನೆ ತುಂಬ ಧೂಳೇಳುವಂತೆ ಮೈ ಝಾಡಿಸುವುದು. ಅಂಜಿನಕ್ಕ ಊಟದ ತಟ್ಟೆ ಮುಂದಿಟ್ಟುಕೊಂಡು ಅದನ್ನೇ ನೋಡುತ್ತ ಕೂರುತ್ತಿದ್ದಳು.