ಬಲಗಡೆ ಚಕ್ರವನ್ನೂ ಬಿಚ್ಚಿಸಿದ ಅತ್ತೆ

ಕಳೆದ ಗುರುವಾರ ಬೆಳಗ್ಗೆ ಹತ್ತು ಗಂಟೆಗೆ, ಹೊಸೂರು ರಸ್ತೆಯ ನಟ್ಟನಡುವೆ, ನನ್ನ ಕಾರಿನ ಬ್ರೇಕ್ ಪೆಡಲ್ ಏನೂ ಹಿಡಿಯದೆ ಸುಮ್ಮನೆ ಒಳಗೆ ಹೋಯಿತು.

ಮುಂದೆ ಕಬ್ಬಿಣದ ಸರಳು ತುಂಬಿದ ಲಾರಿ. ಹಿಂದೆ ಯಾವುದೋ ಕಂಪನಿಯ ಬಸ್ಸು. ಪಕ್ಕದ ಸೀಟಿನಲ್ಲಿ ಎಪ್ಪತ್ತು ವರ್ಷದ ಅತ್ತೆ. ಮತ್ತೊಮ್ಮೆ ಬಲವಾಗಿ ಒತ್ತಿದೆ. ಹಿಡಿಯಿತು. ಸ್ಟೀರಿಂಗ್ ಕೈಯಲ್ಲಿ ಗಡಗಡ ನಡುಗಿತು. ಕಾರು ನಿಂತಾಗ ಸರಳುಗಳ ತುದಿಗೂ ನಮ್ಮ ಗಾಜಿಗೂ ನಡುವೆ ಒಂದು ಮೊಳ ಉಳಿದಿತ್ತು.

ಕಾರಿಗೆ ಇಪ್ಪತ್ತು ವರ್ಷ ದಾಟಿದೆ. (ಮಾರಿಬಿಡಿ ಎನ್ನಬೇಡಿ, ಮನೆಯವರೆಲ್ಲ ಹೇಳಿ ಸುಸ್ತಾಗಿದ್ದಾರೆ.) ಒಂದು ತಿಂಗಳಿಂದ ಮುಂದಿನ ಎಡ ಚಕ್ರದಲ್ಲಿ ಗುಂಯ್ ಎಂಬ ಸದ್ದು. ಎರಡು ಗ್ಯಾರೇಜಿಗೆ ಹೋಗಿದ್ದೆ. ಇಬ್ಬರೂ ಚಕ್ರ ಮುಟ್ಟಲೂ ಇಲ್ಲ. "ಟೈರ್ ಸೌಂಡು ಮೇಡಂ, ಕಿಟಕಿ ಏರಿಸ್ಕೊಂಡ್ ಓಡ್ಸಿ" ಎಂದರು. ನಾನೂ ಏರಿಸಿಕೊಂಡೆ!

ಅವತ್ತು ಹನ್ನೊಂದೂವರೆಗೆ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್. ಆ ದಿನಕ್ಕಾಗಿ ಎರಡು ತಿಂಗಳು ಕಾದಿದ್ದರು. ವಾಚು ತಯಾರಿಸುವ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು ಅವರು. ಈಗ ಎದುರಿಗೆ ನಿಂತವರ ಮುಖವೂ ಅವರಿಗೆ ಮಸುಕು.

"ಶೈಲಾ, ಪಕ್ಕಕ್ಕೆ ಹಾಕು. ಚಕ್ರ ಒಳಗೆ ಕೆರೀತಿದೆ."

"ಇನ್ನು ಆರೇಳು ಕಿಲೋಮೀಟರ್ ಅಷ್ಟೇ ಅತ್ತೆ. ನಿಧಾನಕ್ಕೆ ಹೋಗ್ಬಿಡೋಣ."

"ಆಪರೇಷನ್ ನಂದು ತಾನೇ? ನಿಲ್ಸು."

ಮೇಲ್ಸೇತುವೆಗಾಗಿ ಎಬ್ಬಿಸಿರುವ ಕಂಬಗಳ ನಡುವೆ ತೆವಳುತ್ತಾ ಸಿಂಗಸಂದ್ರದ ಒಂದು ಶೆಡ್ಡು ಸೇರಿದೆವು. ಮೆಕ್ಯಾನಿಕ್ ಮುನಿರಾಜು ಜಾಕ್ ಏರಿಸಿ, ಎಡ ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿದ. ಲಡಲಡ ಎಂದಿತು. "ಚಕ್ರ ಹಿಂಗೆ ಆಡಿ ಬ್ರೇಕ್ ಪ್ಯಾಡನ್ನ ಹಿಂದಕ್ಕೆ ತಳ್ಳೈತೆ, ಅದಕ್ಕೇ ಪೆಡಲ್ ಒಳಕ್ಕೆ ಓಗಿದ್ದು" ಎಂದ. ಬಿಚ್ಚಿದರೆ ಬೇರಿಂಗು ಕಾದು ನೀಲಿಗಟ್ಟಿತ್ತು. ಗ್ರೀಸು ಹೊರಗೆ ಸೋರದಂತೆ ತಡೆಯುವ ರಬ್ಬರ್ ಸೀಲು ಹರಿದಿತ್ತು. ಗ್ರೀಸೆಲ್ಲ ಖಾಲಿ.

ಪಕ್ಕದ ಅಂಗಡಿಯಿಂದ ಹೊಸ ಬೇರಿಂಗು ತಂದ ಮುನಿರಾಜು, ಹಳೇ ಸೀಲನ್ನೇ ಒರೆಸಿ ಕೂರಿಸಲು ಹೊರಟ.

"ಅದನ್ನ ಇಲ್ಲಿ ಕೊಡಪ್ಪ" ಎಂದರು ಅತ್ತೆ. ಅಂಚಿನ ಮೇಲೆ ಬೆರಳಾಡಿಸಿದರು. "ಹರಿದಿದೆ. ಇದನ್ನೇ ಹಾಕಿದ್ರೆ ಹೊಸ ಬೇರಿಂಗಿಗೂ ಇದೇ ಗತಿ. ಹೊಸ ಸೀಲು ತಾ. ಬಲಗಡೇದೂ ಬಿಚ್ಚು."

"ಅದು ಸೌಂಡೇ ಮಾಡ್ತಿಲ್ಲ ಕಣಮ್ಮಾ."

"ಎಡಗಡೆ ಇಷ್ಟು ಕಿರುಚ್ತಾ ಇದ್ರೆ ಬಲಗಡೇದು ಹೇಗಪ್ಪ ಕೇಳ್ಸತ್ತೆ?"

ಗಂಟೆ ಹನ್ನೊಂದು. ನನಗೆ ರೇಗಿತು. "ಅತ್ತೆ, ಅದನ್ನ ಇನ್ನೊಂದಿನ ಮಾಡಿಸೋಣ. ಈಗ ಆಟೋ ಹಿಡಿದ್ರೂ ಟೈಮಿಗೆ ಮುಟ್ತೀವಿ."

"ಆಮೇಲೆ ನೀನು ಈ ಎಡಗಡೇದು ಮಾತ್ರ ಮಾಡಿಸ್ಕೊಂಡು ಮನೆಗೆ ತರ್ತೀಯ. ಕಣ್ಣು ಮುಂದಿನ ವಾರ ಮಾಡ್ತಾರೆ. ಬಿಚ್ಚಪ್ಪ ನೀನು."

ಮುನಿರಾಜು ಗೊಣಗುತ್ತಲೇ ಬಲಗಡೆಯ ಕ್ಯಾಪ್ ತೆಗೆದ. ಗೊಣಗಾಟ ನಿಂತಿತು. ನಾನು ಬಗ್ಗಿ ನೋಡಿದೆ. ಚಕ್ರವನ್ನು ಹಿಡಿದಿಡುವ ದೊಡ್ಡ ನಟ್ಟು ತಾನಾಗಿ ಬಿಚ್ಚಿಕೊಳ್ಳದಂತೆ ಅದಕ್ಕೊಂದು ಪಿನ್ನು ಇರಬೇಕು. ಪಿನ್ನಿನ ಜಾಗದಲ್ಲಿ ಯಾವ ಪುಣ್ಯಾತ್ಮನೋ ಒಂದು ಮೊಳೆ ಬಾಗಿಸಿ ತುರುಕಿದ್ದ. ಅದೂ ಮುರಿದು ತುಂಡಾಗಿತ್ತು. ಮುನಿರಾಜು ಸ್ಪ್ಯಾನರ್ ಎತ್ತಿಕೊಳ್ಳಲೇ ಇಲ್ಲ. ನಟ್ಟನ್ನು ಎರಡೇ ಬೆರಳಲ್ಲಿ ತಿರುಗಿಸಿ ಹೊರತೆಗೆದ.

"ಏನಾಯ್ತು? ಯಾಕೆ ಯಾರೂ ಮಾತಾಡ್ತಿಲ್ಲ?" ಅತ್ತೆ ನಾವಿದ್ದ ಕಡೆ ಮುಖ ತಿರುಗಿಸಿ ಕೇಳುತ್ತಿದ್ದರು.

"ಇನ್ನೊಂದು ಗುಂಡಿ ಇಳಿಸಿದ್ರೆ ಚಕ್ರ ನಿಮಗಿಂತ ಮುಂದೆ ಓಗ್ತಿತ್ತು ಕಣಮ್ಮಾ" ಎಂದ ಮುನಿರಾಜು, ಮೆಲ್ಲಗೆ.

ನಾನು ಅಲ್ಲೇ ಬಿದ್ದಿದ್ದ ಟೈರಿನ ಮೇಲೆ ಕುಳಿತೆ. ಮೊಳೆಯ ತುಂಡನ್ನು ಅತ್ತೆಯ ಅಂಗೈಯಲ್ಲಿಟ್ಟೆ. ಅವರು ಮುಷ್ಟಿ ಮುಚ್ಚಿದರು.

ಎರಡೂ ಕಡೆ ಹೊಸ ಬೇರಿಂಗು, ಹೊಸ ಸೀಲು ಬಂತು. ಮುನಿರಾಜು ನಟ್ಟು ಬಿಗಿದು, ಚೂರು ಸಡಿಲಿಸಿ, ತಾನಾಗಿಯೇ ಅತ್ತೆಯನ್ನು ಕರೆದ. ಅವರು ಅಂಗೈಯಿಂದ ಚಕ್ರ ತಿರುಗಿಸುತ್ತಾ ಕಿವಿಗೊಟ್ಟರು. "ಬಿಗಿ ಇದೆ. ಇನ್ನೊಂಚೂರು ಬಿಡು." ಬಿಟ್ಟ. ಹೊಸ ಪಿನ್ನನ್ನು ಬೆರಳಿಂದ ಮುಟ್ಟಿ ನೋಡಿದ ಮೇಲೆಯೇ ಕ್ಯಾಪ್ ಮುಚ್ಚಲು ಒಪ್ಪಿದರು.

ಹೊರಟಾಗ ಒಂದೂವರೆ. ಆಪರೇಷನ್ ಬರುವ ಬುಧವಾರಕ್ಕೆ ಹೋಯಿತು.

ಆ ಎರಡು ಗ್ಯಾರೇಜಿನವರನ್ನು ಬೈಯುವುದು ಸುಲಭ. ಆದರೆ ತಿಂಗಳಿಡೀ ಆ ಸದ್ದು ಕೇಳಿದ ನಾನೇಕೆ ನನ್ನ ಕಿವಿಯನ್ನು ನಂಬಲಿಲ್ಲ? ಚಕ್ರಕ್ಕೆ ಕೈಯನ್ನೂ ಹಚ್ಚದವನು 'ಏನಿಲ್ಲ' ಎಂದರೆ ಸಾಕು, ನಮಗೆ ಏನೂ ಇಲ್ಲವಾಗಿಬಿಡುತ್ತದೆಯೇ?

ಸಂಜೆ ಪೀಣ್ಯದಿಂದ ಕೆಲಸ ಮುಗಿಸಿ ಬಂದ ನನ್ನ ಗಂಡನಿಗೆ ಎಲ್ಲವನ್ನೂ ಹೇಳಿದೆ. ಅತ್ತೆಯೂ ಅಲ್ಲೇ ಕುಳಿತಿದ್ದರು. ಅವರ ಮಗ ಪೂರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಕೇಳಿದ್ದು ಇಷ್ಟೇ:

"ಸರಿ, ಮೆಕ್ಯಾನಿಕ್ ಏನಂದ?"